ಟೆಕ್ಸಾಸ್ ಸಂವಿಧಾನ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದಂಚಿನ ರಾಜ್ಯವಾದ ಟೆಕ್ಸಾಸ್‌ನ ಮೂಲ ಕಾನೂನು. ಈಗ ಜಾರಿಯಲ್ಲಿರುವುದು 1876ರದು. ಸಾಲಿನಲ್ಲಿ ಅದು ಏಳನೆಯದು. ಮೆಕ್ಸಿಕೋದ ಪ್ರಾಂತ್ಯದ ಭಾಗವಾಗಿದ್ದಾಗ ಒಂದು (1827), ಸ್ವತಂತ್ರ ಗಣರಾಜ್ಯವಾಗಿದ್ದಾಗ ಒಂದು (1836), ಅಮೆರಿಕದ ಒಕ್ಕೂಟ ಸೇರುವಾಗ ಒಂದು (1845), ಒಕ್ಕೂಟವನ್ನು ಬಿಟ್ಟುಹೋದಾಗ ಒಂದು (1861), ಅಂತರ್ಯುದ್ಧದಲ್ಲಿ ಸೋತ ಮೇಲೆ ಎರಡು (1866, 1869) ಸಂವಿಧಾನಗಳು ಇದಕ್ಕೆ ಮುಂಚೆ ಬಂದು ಹೋದವು. ಐವತ್ತು ವರ್ಷಗಳೊಳಗೆ ಏಳು ಸಲ ಬರೆದ ಈ ನೆಲ, ಆಮೇಲಿನ ಸುಮಾರು ಒಂದೂವರೆ ಶತಮಾನದಲ್ಲಿ ಹೊಸದನ್ನು ಬರೆಯಲಿಲ್ಲ. ಇದ್ದದ್ದನ್ನೇ 500ಕ್ಕೂ ಹೆಚ್ಚು ಸಲ ತಿದ್ದಿತು. ಸಂವಿಧಾನಗಳು ಯಾಕೆ ಹುಟ್ಟುತ್ತವೆ, ಹೇಗೆ ಬಾಳುತ್ತವೆ ಎಂಬುದನ್ನು ತಿಳಿಯಲು ಟೆಕ್ಸಾಸ್ ಒಳ್ಳೆಯ ಉದಾಹರಣೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಫ್ರಿಸ್ಕೋ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮನೆ, ತೆರಿಗೆ, ಶಾಲೆ ಮೂರನ್ನೂ ಮುಟ್ಟುವ ಕಾನೂನೂ ಇದೇ.

ಕಲ್ಪನೆ ಬೆಳೆದ ಬಗೆ

ಆಳುವ ಬಗೆಗಳನ್ನು ಕಲೆಹಾಕಿ ಹೋಲಿಸಿ ನೋಡುವ ಕೆಲಸ ಹಳೆಯದು. ಗ್ರೀಸಿನ ಅರಿಸ್ಟಾಟಲ್‌ನ ಪಾಠಶಾಲೆ 158 ನಗರ-ರಾಜ್ಯಗಳ ಆಡಳಿತ ಕ್ರಮಗಳನ್ನು ಸಂಗ್ರಹಿಸಿತ್ತೆಂದು ಹೇಳುತ್ತಾರೆ. ದೊರೆಯ ಕೈ ಕಟ್ಟುವ ಒಪ್ಪಂದಗಳೂ ಹಳೆಯವೇ. 1215ರ ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟ ಅವುಗಳಲ್ಲಿ ಹೆಸರಾಂತದ್ದು. ಆದರೆ ಇಡೀ ಸರ್ಕಾರವನ್ನೇ ಒಂದು ಬರಹದಿಂದ ಹುಟ್ಟಿಸುವುದು, ಆ ಬರಹಕ್ಕೆ ಜನರ ಹೆಸರಿನಲ್ಲಿ ಅಧಿಕಾರ ಕೊಡುವುದು, ಮಾಮೂಲು ಕಾನೂನಿಗಿಂತ ಅದನ್ನು ಎತ್ತರದಲ್ಲಿಡುವುದು ಈ ಮೂರೂ ಒಟ್ಟುಗೂಡಿದ್ದು 18ನೆಯ ಶತಮಾನದ ಕೊನೆಯಲ್ಲಿ. 1787ರಲ್ಲಿ ಅಮೆರಿಕದ ಸಂವಿಧಾನ ಸಿದ್ಧವಾಯಿತು. 1791ರಲ್ಲಿ ಪೋಲೆಂಡ್ ಮತ್ತು ಫ್ರಾನ್ಸ್ ತಮ್ಮವನ್ನು ಬರೆದವು. ನೆಪೋಲಿಯನ್ನನ ಸೇನೆ ಸ್ಪೇನನ್ನು ಆಕ್ರಮಿಸಿಕೊಂಡಿದ್ದಾಗ ಕಾದಿಸ್ ಬಂದರಿನಲ್ಲಿ ಸೇರಿದ ಪ್ರತಿನಿಧಿಗಳು 1812ರಲ್ಲಿ ಇನ್ನೊಂದನ್ನು ಬರೆದರು. ಸ್ಪೇನಿನಲ್ಲೇ ಅದು ಬಾಳಲಿಲ್ಲ. ಆದರೆ ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡ ಅಮೆರಿಕದ ನಾಡುಗಳಿಗೆ ಅದು ಮಾದರಿಯಾಯಿತು. ಟೆಕ್ಸಾಸ್‌ಗೆ ಸಂವಿಧಾನ ಬಂದದ್ದು ಈ ಸ್ಪೇನಿನ ದಾರಿಯಿಂದ.

ಕನ್ನಡದಲ್ಲಿ ಇಂಥ ಬರಹಕ್ಕೆ ಹಿಂದೆ ರಾಜ್ಯಾಂಗ ಎಂಬ ಮಾತೂ ಬಳಕೆಯಲ್ಲಿತ್ತು. ಈಗ ಸಂವಿಧಾನ ಎಂಬುದೇ ನಿಂತಿದೆ. ಬ್ರಿಟನ್, ನ್ಯೂಜಿಲೆಂಡ್, ಇಸ್ರೇಲ್‌ಗಳಂಥ ಕೆಲವನ್ನು ಬಿಟ್ಟರೆ ಇಂದು ಹೆಚ್ಚುಕಡಿಮೆ ಎಲ್ಲ ದೇಶಗಳಿಗೂ ಒಂದೇ ಹೊತ್ತಗೆಯಾಗಿ ಬರೆದಿಟ್ಟ ಸಂವಿಧಾನ ಇದೆ.

ಮೆಕ್ಸಿಕೋದ ಕಾಲ (1824-1836)

ಮೆಕ್ಸಿಕೋ 1824ರಲ್ಲಿ ಒಕ್ಕೂಟ ಮಾದರಿಯ ಸಂವಿಧಾನವನ್ನು ಒಪ್ಪಿಕೊಂಡಿತು. ಅದರಂತೆ ಟೆಕ್ಸಾಸನ್ನು ನೆರೆಯ ಕೊವಾವೀಲದೊಂದಿಗೆ ಸೇರಿಸಿ ಒಂದು ರಾಜ್ಯ ಮಾಡಲಾಯಿತು. ಈ ಜೋಡಿ ರಾಜ್ಯದ ಸಂವಿಧಾನ 1827ರ ಮಾರ್ಚ್‌ನಲ್ಲಿ ಹೊರಬಿತ್ತು. ಭಾಷೆ ಸ್ಪ್ಯಾನಿಷ್, ರಾಜಧಾನಿ ದೂರದ ಸಾಲ್ತಿಯೊ, ಧರ್ಮ ಕ್ಯಾಥೊಲಿಕ್, ಶಾಸಕಾಂಗಕ್ಕೆ ಒಂದೇ ಸದನ. ಇನ್ನು ಮುಂದೆ ಹುಟ್ಟುವ ಯಾರೂ ಗುಲಾಮರಲ್ಲ, ಆರು ತಿಂಗಳ ನಂತರ ಹೊರಗಿನಿಂದ ಗುಲಾಮರನ್ನು ತರುವಂತಿಲ್ಲ ಎಂದು ಅದರ 13ನೆಯ ವಿಧಿ ಸಾರಿತು. ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಯಲು ಬಂದಿದ್ದ ವಲಸಿಗರಿಗೆ ಇದು ನುಂಗಲಾರದ ತುತ್ತಾಯಿತು. ಗುಲಾಮರನ್ನು ದೀರ್ಘಾವಧಿ ಕರಾರಿನ ಜೀತದಾಳುಗಳೆಂದು ಕಾಗದದಲ್ಲಿ ತೋರಿಸಿ ಅವರು ನಿಯಮದಿಂದ ನುಣುಚಿಕೊಂಡರು.

ಪ್ರತ್ಯೇಕ ರಾಜ್ಯ ಬೇಕೆಂದು 1833ರಲ್ಲಿ ವಲಸಿಗರು ಕರಡೊಂದನ್ನು ಬರೆದರು, ಅದನ್ನು ಒಯ್ದ ಅವರ ಮುಂದಾಳು ಸ್ಟೀಫನ್ ಆಸ್ಟಿನ್ ಮೆಕ್ಸಿಕೋದಲ್ಲಿ ಸೆರೆಮನೆ ಸೇರಿದ. ಅಷ್ಟರಲ್ಲಿ ಸೇನಾನಿ ಸಾಂತಾ ಆನಾ ಒಕ್ಕೂಟ ವ್ಯವಸ್ಥೆಯನ್ನು ಕಿತ್ತು ಅಧಿಕಾರವನ್ನೆಲ್ಲ ಮೆಕ್ಸಿಕೋ ನಗರಕ್ಕೆ ಎಳೆದುಕೊಂಡ. ಬಂಡಾಯ ಶುರುವಾದಾಗ ಟೆಕ್ಸಾಸಿನ ಹಲವರು ಮೊದಲು ಕೇಳಿದ್ದು ಸ್ವಾತಂತ್ರ್ಯವನ್ನಲ್ಲ, 1824ರ ಸಂವಿಧಾನವನ್ನು ಮರಳಿ ಕೊಡಿ ಎಂದು.

ಗಣರಾಜ್ಯದ ಸಂವಿಧಾನ (1836)

1836ರ ಮಾರ್ಚ್ 1ರಂದು ಬ್ರಾಜೋಸ್ ನದಿಯ ದಂಡೆಯ ವಾಷಿಂಗ್ಟನ್ ಎಂಬ ಹಳ್ಳಿಯಲ್ಲಿ ಪ್ರತಿನಿಧಿಗಳು ಸೇರಿದರು. ಮರುದಿನವೇ ಸ್ವಾತಂತ್ರ್ಯ ಘೋಷಣೆಯಾಯಿತು. 6ರಂದು ಸ್ಯಾನ್ ಆಂಟೋನಿಯೊದ ಅಲಾಮೊ ಕೋಟೆ ಬಿದ್ದು ಒಳಗಿದ್ದ ಯೋಧರು ಹತರಾದರು. ಶತ್ರುಸೇನೆ ಮುಂದೊತ್ತಿ ಬರುತ್ತಿರುವಾಗಲೇ ಹದಿನೇಳು ದಿನಗಳಲ್ಲಿ ಒಂದು ದೇಶದ ಸಂವಿಧಾನ ಮುಗಿಯಿತು. ಸಮಯವಿಲ್ಲದ್ದರಿಂದ ಅಮೆರಿಕದ ಸಂವಿಧಾನದಿಂದ ಧಾರಾಳವಾಗಿ ಎತ್ತಿಕೊಂಡರು.

ಘೋಷಣೆಯ ಕರಡಿಗೆ ನೇಮಿಸಿದ ಐವರಲ್ಲಿ ಎಪ್ಪತ್ತರ ಹತ್ತಿರದ ಕಾಲಿನ್ ಮೆಕಿನ್ನಿ ಒಬ್ಬ. ಫ್ರಿಸ್ಕೋ ನಗರದ ಬಹುಭಾಗವಿರುವ ಕಾಲಿನ್ ಕೌಂಟಿಗೂ ಅದರ ಕೇಂದ್ರ ಮೆಕಿನ್ನಿ ಪಟ್ಟಣಕ್ಕೂ ಆತನದೇ ಹೆಸರು. ಬ್ರಿಟಿಷ್ ದೊರೆಯ ಪ್ರಜೆಯಾಗಿ 1766ರಲ್ಲಿ ಹುಟ್ಟಿದ ಆತ 1861ರಲ್ಲಿ ಸತ್ತಾಗ ಟೆಕ್ಸಾಸ್ ಅಮೆರಿಕವನ್ನು ಬಿಟ್ಟುಹೋಗಿತ್ತು. ಇನ್ನೊಬ್ಬ ಸಹಿದಾರ ಲೊರೆಂಜೊ ದ ಜವಾಲ. 1824ರ ಮೆಕ್ಸಿಕೋ ಸಂವಿಧಾನ ಸಭೆಯ ಅಧ್ಯಕ್ಷನಾಗಿ ಅದಕ್ಕೆ ರುಜು ಹಾಕಿದ್ದವನೇ ಹನ್ನೆರಡು ವರ್ಷದ ಬಳಿಕ ಮೆಕ್ಸಿಕೋವನ್ನು ತೊರೆದ ದೇಶದ ಹಂಗಾಮಿ ಉಪಾಧ್ಯಕ್ಷನಾದ.

ಸಾಂತಾ ಆನಾನ ನೆನಪು ಈ ಬರಹದಲ್ಲಿ ಎದ್ದು ಕಾಣುತ್ತದೆ: ಅಧ್ಯಕ್ಷನ ಅವಧಿ ಮೂರು ವರ್ಷ (ಮೊದಲ ಅಧ್ಯಕ್ಷನಿಗೆ ಎರಡೇ), ಬೆನ್ನುಬೆನ್ನಿಗೆ ಎರಡನೆಯ ಸಲ ನಿಲ್ಲುವಂತಿಲ್ಲ, ಪಾದ್ರಿಗಳು ಅಧ್ಯಕ್ಷ ಪದವಿಗೂ ಶಾಸಕಾಂಗಕ್ಕೂ ಬರುವಂತಿಲ್ಲ. ಆದರೆ ದಬ್ಬಾಳಿಕೆಯ ವಿರುದ್ಧ ಎದ್ದವರೇ ಗುಲಾಮಗಿರಿಗೆ ಸಂವಿಧಾನದ ಕಾವಲು ಹಾಕಿದರು. ಗುಲಾಮರನ್ನು ಬಿಡುಗಡೆ ಮಾಡುವ ಅಧಿಕಾರ ಸಂಸತ್ತಿಗೂ ಇರಲಿಲ್ಲ. ಆಫ್ರಿಕನ್ನರು, ಅವರ ಸಂತತಿಯವರು, ಮೂಲನಿವಾಸಿಗಳು ಪೌರರಲ್ಲ ಎಂದಾಯಿತು. ಸಂಸತ್ತಿನ ಅನುಮತಿಯಿಲ್ಲದೆ ಸ್ವತಂತ್ರ ಕರಿಯರು ಅಲ್ಲಿ ನೆಲೆಸುವಂತೆಯೂ ಇರಲಿಲ್ಲ. ಯುದ್ಧ ಗೆದ್ದ ಬಳಿಕ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮತದಾರರು ಇದನ್ನು ಒಪ್ಪಿ ಸ್ಯಾಮ್ ಹ್ಯೂಸ್ಟನ್‌ನನ್ನು ಅಧ್ಯಕ್ಷನನ್ನಾಗಿ ಆರಿಸಿದರು. ಆತನ ಹೆಸರಿನ ನಗರ 1837ರಲ್ಲಿ ರಾಜಧಾನಿಯಾಯಿತು. 1839ರಲ್ಲಿ ಆ ಪಟ್ಟ ಆಸ್ಟಿನ್‌ಗೆ ಹೋಯಿತು.

ರಾಜ್ಯವಾದ ಬಳಿಕ (1845-1869)

ಅಮೆರಿಕವನ್ನು ಸೇರಲು 1845ರಲ್ಲಿ ಬರೆದ ಸಂವಿಧಾನ ಸ್ಪೇನಿನ ಎರಡು ಒಳ್ಳೆಯ ಬಳುವಳಿಗಳನ್ನು ಉಳಿಸಿಕೊಂಡಿತು: ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯ ಹಕ್ಕು, ಸಾಲ ಕೊಟ್ಟವರು ವಾಸದ ಮನೆಯನ್ನು ಕಿತ್ತುಕೊಳ್ಳದಂತೆ ರಕ್ಷಣೆ. ಮತದಾನದ ಹಕ್ಕಿಗೆ ಬಿಳಿಯ ಎಂಬ ವಿಶೇಷಣ ಸೇರಿಸುವ ಯತ್ನವನ್ನು ಸಭೆಯಲ್ಲಿದ್ದ ಒಬ್ಬನೇ ಮೆಕ್ಸಿಕನ್ ಮೂಲದ ಸದಸ್ಯ ಹೊಸೆ ಆಂಟೊನಿಯೊ ನವಾರೊ ಎದುರಿಸಿ ನಿಂತ.

1861ರಲ್ಲಿ ಟೆಕ್ಸಾಸ್ ಒಕ್ಕೂಟ ತೊರೆಯಿತು. ಅದಕ್ಕಾಗಿ ನಡೆದ ಜನಮತಗಣನೆಯಲ್ಲಿ ಕಾಲಿನ್ ಕೌಂಟಿಯ ಬಹುಮತ ಬೇಡವೆಂದೇ ಇತ್ತು. ಆಗ ಗವರ್ನರ್ ಆಗಿದ್ದ ಹ್ಯೂಸ್ಟನ್, ಬಿಟ್ಟುಹೋದ ರಾಜ್ಯಗಳ ಹೊಸ ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಪದವಿ ಕಳೆದುಕೊಂಡ. ಅಂತರ್ಯುದ್ಧ ಸೋತ ಮೇಲೆ 1865ರ ಜೂನ್ 19ರಂದು ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮರ ಬಿಡುಗಡೆಯ ಆದೇಶ ಹೊರಟಿತು. 1866ರ ಸಂವಿಧಾನ ಬಿಡುಗಡೆಯಾದವರಿಗೆ ಮತ ಕೊಡಲಿಲ್ಲ. 1869ರದು ವರ್ಣಭೇದವಿಲ್ಲದೆ ಗಂಡಸರಿಗೆಲ್ಲ ಮತ ಕೊಟ್ಟಿತು, ರಾಜ್ಯಮಟ್ಟದ ಶಾಲಾ ವ್ಯವಸ್ಥೆಯನ್ನು ತಂದಿತು, ಗವರ್ನರನ ಕೈಗೆ ಬಲವಾದ ಅಧಿಕಾರ ಇಟ್ಟಿತು. ಆ ಅಧಿಕಾರವನ್ನು ಚಲಾಯಿಸಿದವ ರಿಪಬ್ಲಿಕನ್ ಪಕ್ಷದ ಎಡ್ಮಂಡ್ ಡೇವಿಸ್. ಬಿಳಿಯ ಭೂಮಾಲೀಕರ ಕಣ್ಣಿನಲ್ಲಿ ಅವನು ಗೆದ್ದವರು ಹೇರಿದ ದೊರೆ. ತೆರಿಗೆ ಏರಿತ್ತು, ರಾಜ್ಯ ಪೊಲೀಸರ ಬಗ್ಗೆ ಸಿಟ್ಟಿತ್ತು. 1873ರಲ್ಲಿ ಅವನು ಸೋತ.

1876ರ ಸಂವಿಧಾನ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಸಂವಿಧಾನ ಬರೆಯುವವರಿಗೆ ಬೈಗುಳವಾಗಿ ಅಲ್ಲ, ವಿವರಣೆಯಾಗಿ ಹೇಳಬಹುದು. 1875ರ ಸೆಪ್ಟೆಂಬರ್‌ನಲ್ಲಿ ಆಸ್ಟಿನ್‌ನಲ್ಲಿ ಸೇರಿದ 90 ಪ್ರತಿನಿಧಿಗಳು ಡೇವಿಸ್ ಮತ್ತೆ ಹುಟ್ಟಬಾರದೆಂದು ಎಲ್ಲ ದಿಡ್ಡಿಗಳನ್ನೂ ಮುಚ್ಚುತ್ತ ಹೋದರು. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಡೆಮಾಕ್ರಟರು, ಬಹಳ ಮಂದಿ ಗ್ರೇಂಜ್ ಎಂಬ ರೈತಕೂಟದವರು. ಖರ್ಚು ಹೆಚ್ಚೆಂದು ಸಭೆಯ ಮಾತುಗಳನ್ನು ಬರೆದುಕೊಳ್ಳಲು ಶೀಘ್ರಲಿಪಿಕಾರರನ್ನೂ ಇಟ್ಟುಕೊಳ್ಳಲಿಲ್ಲ. ಗವರ್ನರನ ಸಂಬಳವನ್ನು 5,000 ಡಾಲರಿನಿಂದ 4,000ಕ್ಕೆ, ಅವಧಿಯನ್ನು ನಾಲ್ಕು ವರ್ಷದಿಂದ ಎರಡಕ್ಕೆ ಇಳಿಸಿದರು. 1876ರ ಫೆಬ್ರವರಿ 15ರಂದು 1,36,606 ಮತಗಳ ಪರ, 56,652 ಮತಗಳ ವಿರೋಧದೊಂದಿಗೆ ಅದು ಅಂಗೀಕಾರವಾಯಿತು.

ಅದರ ಮುಖ್ಯ ಗುಣ ಅಧಿಕಾರವನ್ನು ಒಡೆದು ಹಂಚುವುದು. ಹಕ್ಕುಗಳ ಪಟ್ಟಿಯೇ ಮೊದಲ ವಿಧಿ. ಸರ್ಕಾರದ ಮಾತು ಆಮೇಲೆ. ಗವರ್ನರನ ಜೊತೆಗೆ ಉಪಗವರ್ನರ್, ಅಟಾರ್ನಿ ಜನರಲ್, ಲೆಕ್ಕಪತ್ರಗಳ ಕಂಪ್ಟ್ರೋಲರ್, ಭೂ ಆಯುಕ್ತ ಇವರೆಲ್ಲ ಪ್ರತ್ಯೇಕವಾಗಿ ಜನರಿಂದಲೇ ಆರಿಸಿ ಬರುತ್ತಾರೆ. ಗವರ್ನರ್ ಅವರನ್ನು ತೆಗೆದುಹಾಕಲಾರ. ನ್ಯಾಯಾಧೀಶರೂ ಚುನಾವಣೆಗೆ ನಿಲ್ಲಬೇಕು. ಕೊನೆಯ ಮೇಲ್ಮನವಿಗೆ ಎರಡು ಉಚ್ಚ ನ್ಯಾಯಪೀಠಗಳಿವೆ: ಸಿವಿಲ್ ವ್ಯಾಜ್ಯಕ್ಕೆ ಸುಪ್ರೀಂ ಕೋರ್ಟು, ಕ್ರಿಮಿನಲ್‌ಗೆ ಇನ್ನೊಂದು. 31 ಸೆನೆಟರುಗಳು, 150 ಪ್ರತಿನಿಧಿಗಳಿರುವ ಶಾಸಕಾಂಗ ಎರಡು ವರ್ಷಕ್ಕೊಮ್ಮೆ, ಬೆಸ ಇಸವಿಯಲ್ಲಿ ಸಾಮಾನ್ಯವಾಗಿ ಸೇರುತ್ತದೆ. ಸಾಮಾನ್ಯ ಅಧಿವೇಶನ 140 ದಿನ ಮೀರುವಂತಿಲ್ಲ. ಶಾಸಕರ ಸಂಬಳ ಇಂದಿಗೂ ತಿಂಗಳಿಗೆ 600 ಡಾಲರ್. ಸಾಫ್ಟ್‌ವೇರ್, ತೈಲ, ವಿಮಾನಯಾನಗಳ ಇಂದಿನ ಟೆಕ್ಸಾಸ್ ನಡೆಯುತ್ತಿರುವುದು ಜೋಳ-ಹತ್ತಿಯ ರೈತರು ಹಾಕಿಕೊಟ್ಟ ಅಡಿಪಾಯದ ಮೇಲೆ.

ಬರೆದವರು ನೆನೆಸದ ಫಲವೂ ಉಂಟು. ವಿಶ್ವವಿದ್ಯಾನಿಲಯಕ್ಕೆಂದು ಈ ಸಂವಿಧಾನ ಪಶ್ಚಿಮದ ಒಣ ಬಯಲಿನಲ್ಲಿ ಹತ್ತು ಲಕ್ಷ ಎಕರೆ ಮೀಸಲಿಟ್ಟಿತು. 1883ರಲ್ಲಿ ಇನ್ನೂ ಹತ್ತು ಲಕ್ಷ ಎಕರೆ ಸೇರಿತು. ದನ ಮೇಯಿಸಲಷ್ಟೇ ಆಗುತ್ತಿದ್ದ ಆ ನೆಲದಲ್ಲಿ 1923ರಲ್ಲಿ ತೈಲ ಚಿಮ್ಮಿತು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಿರಿತನದ ಬೇರು ಅಲ್ಲಿದೆ.

ತಿದ್ದುಪಡಿಗಳು

ವಿವರ ಹೆಚ್ಚಿದಷ್ಟೂ ತಿದ್ದುವ ಅಗತ್ಯ ಹೆಚ್ಚುತ್ತದೆ. ಎರಡೂ ಸದನಗಳಲ್ಲಿ ಮೂರನೆಯ ಎರಡು ಬಹುಮತ, ಆಮೇಲೆ ಮತದಾರರ ಸರಳ ಬಹುಮತ: ಇಷ್ಟಿದ್ದರೆ ಟೆಕ್ಸಾಸ್ ಸಂವಿಧಾನ ಬದಲಾಗುತ್ತದೆ, ಗವರ್ನರನ ಸಹಿ ಬೇಕಿಲ್ಲ. ಚರ್ಮ ಮತ್ತು ಜಾನುವಾರು ತಪಾಸಕ ಎಂಬ ಹುದ್ದೆಯನ್ನು ಸಂವಿಧಾನದಿಂದ ತೆಗೆಯಲು 2007ರಲ್ಲಿ ಇಡೀ ರಾಜ್ಯ ಮತ ಹಾಕಬೇಕಾಯಿತು. ವಾಸದ ಮನೆಯನ್ನು ಆಧಾರವಿಟ್ಟು ಸಾಮಾನ್ಯ ಸಾಲ ಪಡೆಯಲು 1997ರ ತಿದ್ದುಪಡಿ ಬರುವವರೆಗೆ ಅವಕಾಶವಿರಲಿಲ್ಲ. ವ್ಯಕ್ತಿಗಳ ವರಮಾನದ ಮೇಲೆ ರಾಜ್ಯ ತೆರಿಗೆ ಹಾಕುವುದನ್ನು 2019ರ ತಿದ್ದುಪಡಿ ನಿಷೇಧಿಸಿತು. ಸ್ವಂತ ಮನೆಯಲ್ಲೇ ವಾಸಿಸುವವರಿಗೆ ಶಾಲಾ ತೆರಿಗೆಯಲ್ಲಿ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ 2023ರಲ್ಲಿ 40,000 ಡಾಲರಿನಿಂದ ಒಂದು ಲಕ್ಷಕ್ಕೆ, 2025ರಲ್ಲಿ 1,40,000ಕ್ಕೆ ಏರಿದ್ದೂ ಸಂವಿಧಾನ ತಿದ್ದುಪಡಿಯಿಂದಲೇ.

ಹಳೆಯದನ್ನು ಬಿಟ್ಟು ಹೊಸದನ್ನು ಬರೆಯುವ ಪ್ರಯತ್ನವೂ ನಡೆಯಿತು. 1974ರಲ್ಲಿ ಶಾಸಕಾಂಗವೇ ಸಂವಿಧಾನ ಸಭೆಯಾಗಿ ಕುಳಿತು ತಿಂಗಳುಗಟ್ಟಲೆ ಚರ್ಚಿಸಿತು. ಬೇಕಾದ ಬಹುಮತಕ್ಕೆ ಮೂರು ಮತ ಕಡಿಮೆ ಬಿತ್ತು. ಮರುವರ್ಷ ಅದನ್ನೇ ಎಂಟು ತಿದ್ದುಪಡಿಗಳಾಗಿ ಜನರ ಮುಂದಿಟ್ಟಾಗ ಎಂಟನ್ನೂ ತಿರಸ್ಕರಿಸಿದರು.

'ಜನ' ಎಂದರೆ ಯಾರು

ಸಂವಿಧಾನಗಳ ಚರಿತ್ರೆಯನ್ನು ಈ ಒಂದು ಪದದ ಅಗಲ ಹಿಗ್ಗಿದ, ಕುಗ್ಗಿದ ಕಥೆಯಾಗಿಯೂ ಓದಬಹುದು. ಪೌರತ್ವಕ್ಕೆ ಅರ್ಜಿ ಹಾಕುವ ಇಂಗಿತ ಸಾರಿದ್ದ ವಲಸಿಗ ಗಂಡಸರಿಗೆ ಒಂದು ಕಾಲದಲ್ಲಿ ಟೆಕ್ಸಾಸ್‌ನಲ್ಲಿ ಮತವಿತ್ತು. 1919ರ ಮೇ ತಿಂಗಳಲ್ಲಿ ಅವರ ಮತ ತೆಗೆದು ಹೆಂಗಸರಿಗೆ ಮತ ಕೊಡುವ ತಿದ್ದುಪಡಿಯೊಂದು ಬಂತು. ಮತಗಟ್ಟೆಯಲ್ಲಿ ವಲಸಿಗರಿದ್ದರು, ಹೆಂಗಸರಿರಲಿಲ್ಲ, ತಿದ್ದುಪಡಿ ಸೋತಿತು. ಮುಂದಿನ ವರ್ಷ ರಾಷ್ಟ್ರ ಸಂವಿಧಾನದ 19ನೆಯ ತಿದ್ದುಪಡಿ ಹೆಂಗಸರಿಗೆ ಮತ ತಂದಿತು. 1921ರಲ್ಲಿ ವಲಸಿಗರ ಮತ ಹೋಯಿತು. 1902ರ ತಿದ್ದುಪಡಿ ಮತದಾನಕ್ಕೆ ತಲೆಗಂದಾಯದ ಷರತ್ತು ಹಾಕಿ ಬಡ ಕರಿಯರನ್ನೂ ಬಡ ಬಿಳಿಯರನ್ನೂ ಹೊರಗಿಟ್ಟಿತ್ತು. ಅದು ತೊಲಗಿದ್ದು 1966ರಲ್ಲಿ. ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ ಬಿಳಿಯರಿಗೆ ಮಾತ್ರ ಎಂಬ ನಿಯಮವನ್ನು ಹ್ಯೂಸ್ಟನ್ನಿನ ದಂತವೈದ್ಯ ಲೊನಿ ಸ್ಮಿತ್ ಪ್ರಶ್ನಿಸಿ 1944ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

ಭಾರತೀಯರ ಪಾಲಿಗೂ ಬಾಗಿಲು ಮುಚ್ಚಿತ್ತು. ಪೌರತ್ವ ಕಾನೂನಿನ ಅರ್ಥದಲ್ಲಿ ಭಾರತೀಯ ಬಿಳಿಯನಲ್ಲ ಎಂದು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ 1923ರಲ್ಲಿ ತೀರ್ಪಾಯಿತು. ಬಾಗಿಲು ತೆರೆದದ್ದು 1946ರ ಕಾಯಿದೆಯಿಂದ. ಇತ್ತ ರಾಷ್ಟ್ರ ಸಂವಿಧಾನದ 14ನೆಯ ತಿದ್ದುಪಡಿ ಸಮಾನ ರಕ್ಷಣೆಯ ಮಾತನ್ನು ಪೌರನಿಗೆಂದಲ್ಲ, ವ್ಯಕ್ತಿಗೆಂದು ಬರೆದಿದೆ. ದಾಖಲೆಪತ್ರವಿಲ್ಲದ ವಲಸಿಗರ ಮಕ್ಕಳನ್ನೂ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು 1982ರಲ್ಲಿ, ಟೆಕ್ಸಾಸಿನ ಟೈಲರ್ ಪಟ್ಟಣದಿಂದ ಹೋದ ಮೊಕದ್ದಮೆಯಲ್ಲಿ, ಈ ಪದವೇ ಮಕ್ಕಳ ಕೈ ಹಿಡಿಯಿತು. ಎಚ್1ಬಿ ವೀಸಾದಲ್ಲಿರುವ ಕನ್ನಡಿಗನಿಗೆ ಮತವಿಲ್ಲ. ಈ ರಕ್ಷಣೆ ಇದೆ.

ಎರಡು ಸಂವಿಧಾನಗಳು, ಒಂದು ಶಾಲೆ

ಟೆಕ್ಸಾಸ್ ನಿವಾಸಿಯ ತಲೆಯ ಮೇಲೆ ರಾಷ್ಟ್ರದ್ದು, ರಾಜ್ಯದ್ದು ಎಂದು ಎರಡು ಸಂವಿಧಾನಗಳ ನೆರಳಿದೆ. ಒಂದು ಕೈಬಿಟ್ಟದ್ದನ್ನು ಇನ್ನೊಂದು ಹಿಡಿಯಬಹುದು. ಆಸ್ತಿ ತೆರಿಗೆಯಿಂದ ನಡೆಯುವ ಶಾಲೆಗಳಲ್ಲಿ ಬಡ ಬಡಾವಣೆಯ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದು ಸ್ಯಾನ್ ಆಂಟೋನಿಯೊದ ಪೋಷಕರು ಹೂಡಿದ ದಾವೆ 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕರಂತೆ ಬಿದ್ದುಹೋಯಿತು. ಶಿಕ್ಷಣ ರಾಷ್ಟ್ರ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದಿತು ಕೋರ್ಟು. ಆದರೆ ದಕ್ಷವಾದ ಉಚಿತ ಸಾರ್ವಜನಿಕ ಶಾಲಾ ವ್ಯವಸ್ಥೆ ಇರಬೇಕೆಂದು 1876ರ ಸಂವಿಧಾನದ ಏಳನೆಯ ವಿಧಿ ಹೇಳಿತ್ತು. ಆ ಮಾತನ್ನೇ ಹಿಡಿದು ಎಜ್‌ವುಡ್ ಶಾಲಾ ಜಿಲ್ಲೆಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು 1989ರಲ್ಲಿ ಒಮ್ಮತದಿಂದ ಹಳೆಯ ಪದ್ಧತಿಯನ್ನು ತಳ್ಳಿಹಾಕಿತು. ಶ್ರೀಮಂತ ಶಾಲಾ ಜಿಲ್ಲೆಗಳ ತೆರಿಗೆಯ ಒಂದು ಪಾಲು ಬಡ ಜಿಲ್ಲೆಗಳಿಗೆ ಹರಿಯುವ, ಜನ ರಾಬಿನ್ ಹುಡ್ ಎಂದು ಕರೆಯುವ ಏರ್ಪಾಡು 1993ರಲ್ಲಿ ಬಂದದ್ದು ಇದರ ಬೆನ್ನಿಗೆ.

ಫ್ರಿಸ್ಕೋದ ಸನದು

ರೈಲು ಕಂಪನಿಯೊಂದರ ಹೆಸರನ್ನು ಹೊತ್ತು 1908ರಲ್ಲಿ ಪುರಸಭೆಯಾದ ಫ್ರಿಸ್ಕೋ ಕಾಲಿನ್ ಮತ್ತು ಡೆಂಟನ್ ಕೌಂಟಿಗಳಲ್ಲಿ ಹರಡಿದೆ. 5,000 ಜನಸಂಖ್ಯೆ ಮೀರಿದ ಊರು ತನ್ನ ಆಡಳಿತದ ನಿಯಮಾವಳಿಯನ್ನು ತಾನೇ ಬರೆದುಕೊಳ್ಳಬಹುದೆಂದು ರಾಜ್ಯ ಸಂವಿಧಾನಕ್ಕೆ 1912ರಲ್ಲಿ ತಿದ್ದುಪಡಿ ಬಂದಿತ್ತು. 1980ರಲ್ಲಿ ಸುಮಾರು 3,500 ಜನರಿದ್ದ ಫ್ರಿಸ್ಕೋ ಆ ಮಿತಿ ದಾಟಿ 1987ರಲ್ಲಿ ಅಂಥ ಸನದನ್ನು ಮತ ಹಾಕಿ ಒಪ್ಪಿಕೊಂಡಿತು. ಮೇಯರ್, ಆರು ಮಂದಿ ಸದಸ್ಯರು, ಅವರು ನೇಮಿಸುವ ನಗರ ವ್ಯವಸ್ಥಾಪಕ: ಇದು ಅದರ ಚೌಕಟ್ಟು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 2,00,509. ಅವರಲ್ಲಿ ಭಾರತೀಯ ಮೂಲದವರ ಪಾಲು ದೊಡ್ಡದು. ಚಿಕ್ಕ ರೈಲು ಪಟ್ಟಣಕ್ಕೆಂದು ಹೊಲಿದ ಅಂಗಿಯನ್ನು ಮಹಾನಗರ ಆಗಾಗ ಬಿಚ್ಚಿ ಹೊಲಿದು ತೊಡುತ್ತಿದೆ.

ಕರ್ನಾಟಕದೊಂದಿಗೆ ಹೋಲಿಕೆ

ಟೆಕ್ಸಾಸ್‌ಗಿರುವಂತೆ ಕರ್ನಾಟಕಕ್ಕೆ ಸ್ವಂತ ಸಂವಿಧಾನವಿಲ್ಲ. ರಾಜ್ಯದ ರಚನೆಯೂ ಭಾರತ ಸಂವಿಧಾನದೊಳಗೇ ಇದೆ. ಆದರೆ ಒಂದಾನೊಂದು ಹೊತ್ತಿನಲ್ಲಿ ಮೈಸೂರು ಆ ಹಾದಿಯ ಹೊಸ್ತಿಲಲ್ಲಿ ನಿಂತಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ಅದಕ್ಕೆ ಕೇಳುವ ಹಕ್ಕಿತ್ತು, ಕಟ್ಟಿಹಾಕುವ ಹಕ್ಕಿರಲಿಲ್ಲ. 1947ರ ಮೈಸೂರು ಚಲೋ ಚಳವಳಿಯ ಬಳಿಕ ಕೆ. ಸಿ. ರೆಡ್ಡಿ ಅವರ ಜವಾಬ್ದಾರಿ ಸರ್ಕಾರ ಬಂತು, ಮೈಸೂರಿಗೇ ಒಂದು ಸಂವಿಧಾನ ಸಭೆ ರಚನೆಯಾಯಿತು. ಕೊನೆಗೆ ಪ್ರತ್ಯೇಕ ಸಂವಿಧಾನ ಬೇಡವೆಂದು ತೀರ್ಮಾನವಾಗಿ 1949ರ ನವೆಂಬರ್ 25ರಂದು ಜಯಚಾಮರಾಜೇಂದ್ರ ಒಡೆಯರು ಭಾರತದ ಸಂವಿಧಾನವನ್ನೇ ಒಪ್ಪುವ ಘೋಷಣೆ ಹೊರಡಿಸಿದರು. ಆ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಅದಕ್ಕಾಗಿ ಅವರು ಅಮೆರಿಕಕ್ಕೂ ಹೋಗಿ ಅಲ್ಲಿನ ನ್ಯಾಯಮೂರ್ತಿಗಳೊಂದಿಗೆ ಚರ್ಚಿಸಿ ಬಂದಿದ್ದರು.

ಮುಖ್ಯ ವ್ಯತ್ಯಾಸ ತಿದ್ದುವ ಬಗೆಯಲ್ಲಿದೆ. ಭಾರತದಲ್ಲಿ 2023ರವರೆಗೆ 106 ತಿದ್ದುಪಡಿಗಳಾಗಿವೆ. ಒಂದಕ್ಕೂ ಮತದಾರ ನೇರವಾಗಿ ಮತ ಹಾಕಿಲ್ಲ. ಅದರ ಬದಲು ನ್ಯಾಯಾಲಯ ಕಾವಲು ನಿಂತಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ಏಳಕ್ಕೆ ಆರರಂತೆ, ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದಿತು. ಟೆಕ್ಸಾಸ್‌ನಲ್ಲಿ ಇಂಥ ಒಳಗೋಡೆಯಿಲ್ಲ. ಮತದಾರ ಒಪ್ಪಿದ್ದನ್ನು ತಡೆಯಬಲ್ಲವು ರಾಷ್ಟ್ರ ಸಂವಿಧಾನ ಮತ್ತು ರಾಷ್ಟ್ರದ ಕಾನೂನುಗಳು ಮಾತ್ರ. ಸ್ಥಳೀಯ ಆಡಳಿತದಲ್ಲಿ ಎರಡೂ ನಾಡುಗಳು ಹತ್ತಿರ ಬರುತ್ತವೆ. ಫ್ರಿಸ್ಕೋ ತನ್ನ ಸನದನ್ನು ಒಪ್ಪಿದ 1987ರಲ್ಲೇ ಕರ್ನಾಟಕದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆಯ ಫಲವಾದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಆ ಅನುಭವ ಪಂಚಾಯಿತಿಗಳಿಗೆ ಸ್ಥಾನ ಕೊಟ್ಟ, ಭಾರತ ಸಂವಿಧಾನದ 73ನೆಯ ತಿದ್ದುಪಡಿಗೆ ದಾರಿ ಮಾಡಿತು.

ಮೌಲ್ಯಮಾಪನ

ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಜಾಕರಿ ಎಲ್ಕಿನ್ಸ್, ಅವರ ಜೊತೆಗಾರರಾದ ಟಾಮ್ ಗಿನ್ಸ್‌ಬರ್ಗ್ ಮತ್ತು ಜೇಮ್ಸ್ ಮೆಲ್ಟನ್ 1789ರಿಂದ ಈಚಿನ ರಾಷ್ಟ್ರ ಸಂವಿಧಾನಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸಂವಿಧಾನವೊಂದರ ಸರಾಸರಿ ಬಾಳುವೆ ಸುಮಾರು 19 ವರ್ಷ. ತಿದ್ದಲು ಸುಲಭವಾಗಿರುವುದು, ಬರೆಯುವಾಗ ಹೆಚ್ಚು ಜನ ಸೇರಿರುವುದು, ವಿವರಗಳನ್ನು ಬಿಡಿಸಿ ಬರೆದಿರುವುದು ಈ ಮೂರು ಗುಣಗಳು ಆಯುಸ್ಸು ಹೆಚ್ಚಿಸುತ್ತವೆ ಎಂಬುದು ಅವರ ಕಾಣ್ಕೆ. ಉದ್ದುದ್ದ ಸಂವಿಧಾನಗಳನ್ನು ಹೀಗಳೆಯುವ ರೂಢಿಗೆ ಇದು ವಿರುದ್ಧ. ಸುಮಾರು 7,500 ಪದಗಳ ಅಮೆರಿಕದ ಸಂವಿಧಾನ ಬಾಳಿದೆ, ನಿಜ. ಅದರ ಹತ್ತುಪಟ್ಟು ಮೀರಿದ ಟೆಕ್ಸಾಸಿನದೂ, ಅದಕ್ಕಿಂತ ಉದ್ದವಾದ ಭಾರತದ್ದೂ ಬಾಳಿವೆ.

ಟೆಕ್ಸಾಸಿನ 1836ರ ಮತ್ತು 1876ರ ಸಂವಿಧಾನಗಳು ಹಿಂದಿನ ಆಳುವವನ ಭಯದಿಂದ ಬರೆದವು. ಭಯ ಒಳ್ಳೆಯ ಬೀಗಗಳನ್ನು ಮಾಡಿಸಿತು. ಆದರೆ ಬೀಗದ ಹೊರಗೆ ಉಳಿದವರಿಗೆ ಕದ ತೆರೆದದ್ದು ಬರೆದವರಲ್ಲ, ಆಮೇಲೆ ಬಂದು ಕದ ಬಡಿದವರು. 1876ರದು ಉಳಿದಿರುವುದು ಎಲ್ಲರೂ ಮೆಚ್ಚಿದ್ದರಿಂದಲ್ಲ, ರಿಪೇರಿಗೆ ಸುಲಭವಾಗಿ ಒಗ್ಗಿದ್ದರಿಂದ. ಆ ರಿಪೇರಿಯ ಹೊಣೆ ಅದು ಮತದಾರನಿಗೇ ಬಿಟ್ಟಿದೆ. ತಿದ್ದುಪಡಿಗಳು ಸಾಮಾನ್ಯವಾಗಿ ಬೆಸ ಇಸವಿಯ ನವೆಂಬರ್‌ನಲ್ಲಿ, ಅಧ್ಯಕ್ಷರ ಚುನಾವಣೆಯ ಗದ್ದಲವಿಲ್ಲದ ಹೊತ್ತಿನಲ್ಲಿ ಮತಕ್ಕೆ ಬರುತ್ತವೆ. ಆ ದಿನ ಮತಗಟ್ಟೆಗೆ ಹೋಗುವವರು ನೋಂದಾಯಿತ ಮತದಾರರಲ್ಲಿ ಚಿಕ್ಕ ಪಾಲು ಮಾತ್ರ.